ಛಾವಣಿಯ ಮೂಲಕ ಹಗಲು ಬೆಳಕು: ಶೆಡ್ ಮಾಲೀಕರು ಗಮನಿಸಬೇಕಾದ ಅಂಶಗಳು

ದಾವಣಗೆರೆ ಮತ್ತು ಹರಿಹರದ ಅನೇಕ ಸಣ್ಣ ಕೈಗಾರಿಕೆಗಳು, ಗೋದಾಮುಗಳು ತಗಡು ಅಥವಾ ಸಿಮೆಂಟ್ ಶೀಟಿನ ಶೆಡ್ಡುಗಳಲ್ಲಿವೆ. ಹೊರಗೆ ಕಣ್ಣು ಕುಕ್ಕುವ ಬಿಸಿಲಿದ್ದರೂ ಒಳಗೆ ನಡುಹಗಲಲ್ಲೇ ದೀಪ ಉರಿಸಬೇಕಾಗುತ್ತದೆ. ಛಾವಣಿಯಲ್ಲಿ ಅಲ್ಲಲ್ಲಿ ಬೆಳಕು ಹಾಯುವ ಶೀಟುಗಳನ್ನು ಅಳವಡಿಸುವುದು ಇದಕ್ಕೊಂದು ಪರಿಹಾರ. ಹಳೆಯ ಮನೆಗಳ ಬೆಳಕಿಂಡಿ, ಮಂಗಳೂರು ಹೆಂಚಿನ ನಡುವಿನ ಗಾಜಿನ ಹೆಂಚು ಇವುಗಳ ತತ್ತ್ವವೂ ಇದೇ.

ಎಷ್ಟು ಶೀಟು ಹಾಕಬೇಕೆಂಬಲ್ಲಿಯೇ ಹೆಚ್ಚಿನವರು ಎಡವುವುದು. 100 ಅಡಿ ಉದ್ದ, 50 ಅಡಿ ಅಗಲದ ಶೆಡ್ಡನ್ನು ತೆಗೆದುಕೊಳ್ಳೋಣ. ಛಾವಣಿಯ ಶೇಕಡ 5 ಭಾಗವೆಂದರೆ 250 ಚದರ ಅಡಿ. ಶೀಟು ಶೇಕಡ 60ರಷ್ಟು ಬೆಳಕನ್ನು ಬಿಟ್ಟು, ಅದರಲ್ಲಿ ಅರ್ಧವು ಧೂಳಿಗೂ ಗೋಡೆಗಳಿಗೂ ಹೋಯಿತೆಂದರೂ ಹೊರಗಿನ ಬೆಳಕಿನ ಶೇಕಡ ಒಂದೂವರೆ ಭಾಗ ಒಳಗೆ ದೊರೆಯುತ್ತದೆ. ಮೋಡ ಕವಿದು ಹೊರಗೆ 20,000 ಲಕ್ಸ್ ಇದ್ದಾಗ ಇದು 300 ಲಕ್ಸ್. ಸಾಧಾರಣ ಯಂತ್ರಕೆಲಸಕ್ಕೆ ಸಾಕಾಗುವಷ್ಟು. ಬಿಸಿಲಿನ ದಿನ ಇದರ ಹಲವು ಪಟ್ಟು.

ಆದರೆ ಬೆಳಕಿನೊಡನೆ ಶಾಖವೂ ಇಳಿಯುತ್ತದೆ. ಇದೇ 250 ಚದರ ಅಡಿಯ ಮೂಲಕ ಬೇಸಿಗೆಯ ಮಧ್ಯಾಹ್ನ ಸುಮಾರು 12 ಕಿಲೋವ್ಯಾಟ್‌ನಷ್ಟು ಸೌರಶಾಖ ಒಳಬರಬಲ್ಲದು. ಆ ಶೆಡ್ಡಿಗೆ 300 ಲಕ್ಸ್ ಒದಗಿಸಲು ಉತ್ತಮ ಎಲ್‌ಇಡಿ ದೀಪಗಳಿಗೆ ಸುಮಾರು 3 ಕಿಲೋವ್ಯಾಟ್ ಸಾಕು. ಆದ್ದರಿಂದ ವಿದ್ಯುತ್ ಬಿಲ್ಲಿನ ಉಳಿತಾಯವೊಂದನ್ನೇ ನಂಬಿ ಶೀಟುಗಳನ್ನು ಹೆಚ್ಚಿಸುತ್ತ ಹೋಗುವುದು ಲೆಕ್ಕಕ್ಕೆ ಹೊಂದದು. ಭಟ್ಟಿಯ ಕಾವು ಮೊದಲೇ ಇರುವ ಮಂಡಕ್ಕಿ ಘಟಕಗಳಂಥ ಕಡೆ ಇನ್ನೂ ಕಡಿಮೆ ಹಾಕಿ, ಛಾವಣಿಯ ನೆತ್ತಿಯಲ್ಲಿ ಬಿಸಿಗಾಳಿಗೆ ದಾರಿ ಬಿಡುವುದು ಲೇಸು.

ಉತ್ತರದ ಇಳಿಜಾರಿನಲ್ಲಿ ಹಾಕಿದರೆ ನೇರ ಬಿಸಿಲು ಬೀಳದೆಂಬ ನಂಬಿಕೆ ಇಂಗ್ಲೆಂಡಿನ ಗಿರಣಿಗಳ ಗರಗಸದ ಹಲ್ಲಿನಂಥ ಛಾವಣಿಗಳಿಂದ ಬಂದದ್ದು. ಅಲ್ಲಿಗೆ ಅದು ಸರಿ. ದಾವಣಗೆರೆ ಹದಿನಾಲ್ಕೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದು, ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಮೇ ತಿಂಗಳ ಬಿಸಿಲಿಗೆ ಉತ್ತರದ ಇಳಿಜಾರು ರಕ್ಷಣೆಯಲ್ಲ. ಬೆಳಕನ್ನು ಚದುರಿಸುವ ಹಾಲುಬಣ್ಣದ ಶೀಟು ಇಲ್ಲಿ ಹೆಚ್ಚು ಉಪಯುಕ್ತ.

ಹರಿಹರದ ಲೇತ್ ವರ್ಕ್‌ಶಾಪುಗಳಿಗೆ ಇನ್ನೊಂದು ಲಾಭವಿದೆ. ಚೋಕ್ ಇರುವ ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ 100 ಬಾರಿ ಮಿನುಗುವುದರಿಂದ, ಆ ಲಯಕ್ಕೆ ಹೊಂದಿ ತಿರುಗುವ ಚಕ್ ನಿಂತಂತೆ ಕಾಣುವ ಅಪಾಯವುಂಟು. ಹಗಲು ಬೆಳಕಿನಲ್ಲಿ ಈ ಭ್ರಮೆಯಿಲ್ಲ. ಹತ್ತಿ, ಮೆಕ್ಕೆಜೋಳಗಳ ಬಣ್ಣ ನೋಡಿ ದರ್ಜೆ ಕಟ್ಟುವವರಿಗೂ ಅದೇ ನಂಬಿಕಸ್ತ ಬೆಳಕು. ಬಟ್ಟೆಯ ದಾಸ್ತಾನಿನ ಮೇಲೆ ಮಾತ್ರ ಶೀಟು ಬೇಡ, ಬಣ್ಣ ಮಾಸುತ್ತದೆ.

ಎಫ್‌ಆರ್‌ಪಿ ಶೀಟು ಅಗ್ಗ, ಆದರೆ ವರ್ಷಗಳು ಕಳೆದಂತೆ ಹಳದಿಗಟ್ಟಿ ನಾರು ಬಿಡುತ್ತದೆ. ಪಾಲಿಕಾರ್ಬೊನೇಟ್ ಗಟ್ಟಿ, ಅತಿನೇರಳೆ ಕಿರಣ ತಡೆಯುವ ಅದರ ಮೇಲ್ಪದರ ಆಕಾಶದ ಕಡೆಗೇ ಇರಬೇಕು. ಅದು ಉಕ್ಕಿನ ಐದು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ: 3 ಮೀಟರ್ ಉದ್ದದ ಶೀಟು 40 ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 8 ಮಿಲಿಮೀಟರ್. ಸ್ಕ್ರೂ ತೂತು ದೊಡ್ಡದಾಗಿದ್ದು ರಬ್ಬರ್ ವಾಷರ್ ಇಲ್ಲದಿದ್ದರೆ ಒಂದೆರಡು ಬೇಸಿಗೆಯಲ್ಲೇ ಬಿರುಕು, ಮಳೆಗಾಲಕ್ಕೆ ಸೋರಿಕೆ.

ಧೂಳು, ಮಸಿ ಕುಳಿತ ಶೀಟಿನಿಂದ ಬೆಳಕು ಅರ್ಧಕ್ಕರ್ಧ ಕುಗ್ಗಬಹುದು. 1948ರ ಕಾರ್ಖಾನೆಗಳ ಕಾಯ್ದೆಯ 17ನೇ ಪ್ರಕರಣವೂ ಬೆಳಕಿನ ಗಾಜುಗಳನ್ನು ಒಳಹೊರಗೆ ಶುಚಿಯಾಗಿಡಲು ವಿಧಿಸಿತ್ತು. ಆದರೆ ಶುಚಿಗೊಳಿಸಲು ಹತ್ತುವವನ ಜೀವಕ್ಕೇ ಅಪಾಯವಿರುವುದು ಇಲ್ಲಿ. ಧೂಳು ಮುಚ್ಚಿದ ಶೀಟು ಪಕ್ಕದ ತಗಡಿನಂತೆಯೇ ಕಾಣುತ್ತದೆ, ಹಳೆಯದು ಮನುಷ್ಯನ ಭಾರ ತಾಳದು. ಶೀಟಿನ ಕೆಳಗೆ ಉಕ್ಕಿನ ಜಾಲರಿ, ಅಂಚಿಗೆ ಎದ್ದು ಕಾಣುವ ಬಣ್ಣ, ನಡೆಯಲು ಹಲಗೆ, ಸೊಂಟಕ್ಕೆ ಸುರಕ್ಷತಾ ಪಟ್ಟಿ ಇವಿಷ್ಟರ ಖರ್ಚನ್ನು ಕಾಮಗಾರಿಯ ಅಂದಾಜು ಪಟ್ಟಿಯಲ್ಲೇ ಸೇರಿಸಿ ಗುತ್ತಿಗೆದಾರರಿಂದ ದರ ಪಡೆಯತಕ್ಕದ್ದು.