ಬಿಸಿಲೂರಿನ ಬಾಡಿಗೆ ಬದುಕು

ಜುಲೈ ತಿಂಗಳಲ್ಲಿ ದುಬೈನಲ್ಲಿ ಮೈಗೆ ತಣ್ಣೀರು ಬೇಕಿದ್ದರೆ ಬಿಸಿನೀರಿನ ನಲ್ಲಿ ತಿರುಗಿಸಬೇಕು. ತಣ್ಣೀರಿನ ನಲ್ಲಿಗೆ ನೀರಿಳಿಯುವುದು ತಾರಸಿಯ ಟ್ಯಾಂಕಿನಿಂದ. ಹಗಲಿಡೀ ಕಾದ ಆ ನೀರಿಗೆ ಕೈಯೊಡ್ಡಿದರೆ ಚುರ್ ಎನ್ನುತ್ತದೆ. ಗೀಸರ್ ಇರುವುದು ಏಸಿ ಹಾಕಿದ ಮನೆಯೊಳಗೆ. ಸೆಕೆ ಶುರುವಾಯಿತೆಂದರೆ ಅದರ ಸ್ವಿಚ್ ಆರಿಸಿಬಿಡುವುದು, ರಾತ್ರಿಯಿಡೀ ಅದರೊಳಗೆ ನಿಂತು ತಣಿದ ನೀರಿನಲ್ಲಿ ಬೆಳಗಿನ ಸ್ನಾನ ಮುಗಿಸುವುದು. ಕಂಪನಿಯ ಎಚ್‌ಆರ್ ಇದನ್ನು ಹೇಳಿಕೊಡುವುದಿಲ್ಲ. ಪಕ್ಕದ ಫ್ಲ್ಯಾಟಿನ ಮಲಯಾಳಿಯೋ, ಮೇಲಿನ ಮಹಡಿಯ ಕಾಪು ಕಡೆಯವರೋ ಹೇಳಬೇಕು.

ಕಡಲತೀರ, ವರ್ಷವಿಡೀ ಬಿಸಿಲು, ತೆರಿಗೆಯಿಲ್ಲದ ಸಂಬಳ ಎಂದು ಕೇಳಿ ಹೊರಡುವವರು ತಿಳಿದಿರಬೇಕಾದ ಮೊದಲ ಮಾತು, ಇಲ್ಲಿ ಕಡಲು ಅರ್ಧ ವರ್ಷದ್ದು. ನವೆಂಬರಿನಿಂದ ಮಾರ್ಚ್‌ವರೆಗೆ ಕೈಟ್ ಬೀಚ್, ಜುಮೇರಾ, ಮಮ್ಝಾರ್ ಎಲ್ಲಿ ಹೋದರೂ ಸಂಜೆ ಹೊತ್ತು ಜನವೋ ಜನ. ಜೂನ್ ಕಳೆದರೆ ಪಾದರಸ 45 ಡಿಗ್ರಿಯ ಆಸುಪಾಸು. ಬಿಸಿಲನ್ನಾದರೂ ತಡೆದುಕೊಳ್ಳಬಹುದು, ಆಗಸ್ಟಿನ ಉಬ್ಬೆ ಅದಕ್ಕಿಂತ ಕಷ್ಟ. ಕಟ್ಟಡದ ಬಾಗಿಲು ದಾಟಿದ ಕೂಡಲೇ ಕನ್ನಡಕ ಮಂಜಾಗಿ ಎದುರಿನ ಕಾರು ಕಾಣದಂತಾಗುತ್ತದೆ. ಸಮುದ್ರಕ್ಕೆ ಇಳಿದರೂ ಹಿತವಿಲ್ಲ, ನೀರೇ ಬೆಚ್ಚಗಿರುತ್ತದೆ. ಅದಕ್ಕೇ 2023ರಲ್ಲಿ ನಗರಾಡಳಿತ ಮೂರು ಕಡಲತೀರಗಳಿಗೆ ದೊಡ್ಡ ದೀಪ ಹಾಕಿಸಿ, ಜೀವರಕ್ಷಕರನ್ನು ನಿಲ್ಲಿಸಿ, ರಾತ್ರಿ ಈಜಲು ಬಿಟ್ಟಿತು.

ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರ ತನಕ ಬಯಲಿನಲ್ಲಿ ಯಾರನ್ನೂ ದುಡಿಸುವಂತಿಲ್ಲ ಎಂಬ ಕಾನೂನಿದೆ. ಹನ್ನೆರಡಕ್ಕೂ ಮೂರೂಕಾಲಿಗೂ ಸೂರ್ಯ ಏನೂ ತಣ್ಣಗಿರುವುದಿಲ್ಲ ಎಂಬುದನ್ನು ಕಾಮಗಾರಿಯ ಜಾಗದಲ್ಲಿ ದುಡಿಯುವವರೇ ಬಲ್ಲರು. ಅವರ ಪಾಲಿಗೆ ಬಿಸಿಲು, ಕಚೇರಿಯವರ ಪಾಲಿಗೆ ಏಸಿ. ನೆಲಮಾಳಿಗೆಯ ಪಾರ್ಕಿಂಗಿನಿಂದ ಕಚೇರಿ, ಕಚೇರಿಯಿಂದ ಮಾಲ್, ಮಾಲ್‌ನಿಂದ ಮನೆ. ಇಂಥ ಬಿಸಿಲೂರಿನಲ್ಲಿದ್ದೂ ವಿಟಮಿನ್ ಡಿ ಗುಳಿಗೆ ನುಂಗುವವರು ಎಷ್ಟೋ ಮಂದಿ. ಮಳೆಯಂತೂ ಅಪರೂಪದ ನೆಂಟ. ಆದರೆ 2024ರ ಏಪ್ರಿಲ್ 16ರಂದು ಸುರಿದದ್ದು ಯುಎಇಯ 75 ವರ್ಷಗಳ ದಾಖಲೆಯಲ್ಲೇ ಇಲ್ಲದ ಮಳೆ. ವಿಮಾನ ನಿಲ್ದಾಣದ ರನ್‌ವೇ ಕೆರೆಯಾಗಿ, ಹೆದ್ದಾರಿಗಳಲ್ಲಿ ಕಾರುಗಳು ತೇಲಿದವು. ಅಂದಿನಿಂದ ನೆಲಮಹಡಿಯ ಮನೆ ಹಿಡಿಯುವವರು ಒಮ್ಮೆ ಯೋಚಿಸುತ್ತಾರೆ.

ಮನೆ ಹಿಡಿಯುವುದೇ ಒಂದು ವಿದ್ಯೆ. ಬೆಂಗಳೂರಿನಂತೆ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ತಿಂಗಳು ತಿಂಗಳು ಬಾಡಿಗೆ ಕಟ್ಟುವ ಪದ್ಧತಿ ಇಲ್ಲಿಲ್ಲ. ಬಾಡಿಗೆಯ ಮಾತು ವರ್ಷದ ಲೆಕ್ಕದಲ್ಲಿ. ಅದನ್ನು ಎಷ್ಟು ಚೆಕ್ಕಿಗೆ ಒಡೆಯುತ್ತೀರಿ ಎಂಬುದೇ ಚೌಕಾಶಿ. ಒಂದೇ ಚೆಕ್ ಕೊಟ್ಟವನಿಗೆ ಬಾಡಿಗೆಯಲ್ಲಿ ರಿಯಾಯಿತಿ ಸಿಗಬಹುದು, ಹನ್ನೆರಡು ಕೇಳಿದವನಿಗೆ ಮಾಲೀಕ ಹೆಚ್ಚು ಹೇಳುತ್ತಾನೆ. ಮುಂದಿನ ದಿನಾಂಕ ಹಾಕಿದ ಚೆಕ್ಕುಗಳನ್ನೆಲ್ಲ ಮೊದಲೇ ಸಹಿ ಮಾಡಿ ಕೊಟ್ಟುಬಿಡಬೇಕು. ವರ್ಷಕ್ಕೆ 60,000 ದಿರ್ಹಮ್ಮಿನ ಮನೆ ಎಂದಿಟ್ಟುಕೊಳ್ಳಿ. ನಾಲ್ಕು ಚೆಕ್ಕಿಗೆ ಒಪ್ಪಿದರೆ ಮೊದಲನೆಯದು 15,000. ಠೇವಣಿ ಶೇ 5, ಅಂದರೆ 3,000. ಏಜೆಂಟನ ಕಮಿಷನ್ ಸಾಮಾನ್ಯವಾಗಿ ಅಷ್ಟೇ, ಇನ್ನೊಂದು 3,000. ನೀರು-ಕರೆಂಟು ಕೊಡುವ ದೇವಾ ಕಚೇರಿಗೆ ಫ್ಲ್ಯಾಟಿನ ಠೇವಣಿ 2,000. ಒಳಗೆ ಒಂದು ಚಾಪೆ ಹಾಸುವ ಮೊದಲೇ 23,000 ದಿರ್ಹಮ್, ನಮ್ಮ ಲೆಕ್ಕದಲ್ಲಿ ಐದು ಲಕ್ಷ ರೂಪಾಯಿಗೂ ಮಿಕ್ಕಿ, ಕೈಬಿಟ್ಟಿರುತ್ತದೆ. ಕರಾರುಪತ್ರವನ್ನು ಸರ್ಕಾರದ ಇಜಾರಿ ವ್ಯವಸ್ಥೆಯಲ್ಲಿ ನೋಂದಾಯಿಸಲೇಬೇಕು. ಇಜಾರಿ ಇಲ್ಲದಿದ್ದರೆ ಕರೆಂಟ್ ಇಲ್ಲ, ಫ್ಯಾಮಿಲಿ ವೀಸಾ ಇಲ್ಲ. ಮೊದಲ ತಿಂಗಳ ಕರೆಂಟ್ ಬಿಲ್ ನೋಡಿದವರು ಇನ್ನೊಂದು ಸಾಲು ಕಂಡು ಹುಬ್ಬೇರಿಸುತ್ತಾರೆ. ವರ್ಷದ ಬಾಡಿಗೆಯ ಶೇ 5ರಷ್ಟನ್ನು ನಗರಸಭೆಯ ವಸತಿ ಶುಲ್ಕವೆಂದು ಹನ್ನೆರಡು ಕಂತು ಮಾಡಿ ಅದರಲ್ಲೇ ಸೇರಿಸಿರುತ್ತಾರೆ.

ಇಷ್ಟು ದುಡ್ಡು ಒಟ್ಟಿಗೆ ಇಲ್ಲದವರು ಬೆಡ್‌ಸ್ಪೇಸ್ ಹಿಡಿಯುತ್ತಾರೆ. ಎಂದರೆ ಒಂದು ಕೋಣೆಯಲ್ಲಿ ಬಂಕ್ ಮಂಚದ ಮೇಲಿನದೋ ಕೆಳಗಿನದೋ ಹಾಸಿಗೆ, ಅದಕ್ಕೊಂದು ಪರದೆ, ಫ್ರಿಜ್ಜಿನಲ್ಲಿ ಅರ್ಧ ಕಪಾಟು. ಸ್ವಲ್ಪ ಹೆಚ್ಚು ಕೊಟ್ಟರೆ ಹಾಲ್‌ಗೆ ಜಿಪ್ಸಮ್ ಗೋಡೆ ಅಡ್ಡ ಹಾಕಿ ಮಾಡಿದ ಪಾರ್ಟಿಷನ್. ಅನುಮತಿಯಿಲ್ಲದ ಇಂಥ ಅಡ್ಡಗೋಡೆಗಳ ಮೇಲೆ 2025ರಲ್ಲಿ ನಗರಸಭೆ ದೊಡ್ಡ ಕಾರ್ಯಾಚರಣೆಯನ್ನೇ ನಡೆಸಿತು. ಬೆಂಕಿ ಬಿದ್ದರೆ ಹೊರಗೋಡಲು ದಾರಿಯಿಲ್ಲ ಎಂಬ ಅದರ ಕಾರಣ ಸರಿಯೇ. ಆದರೆ ಆ ಗೋಡೆಗಳ ನಡುವೆ ಮಲಗುತ್ತಿದ್ದವರಿಗೆ ಅದೇ ಬಾಡಿಗೆಗೆ ಬೇರೆ ಜಾಗ ಎಲ್ಲಿದೆ? ಅನೇಕರು ಪಕ್ಕದ ಶಾರ್ಜಾಕ್ಕೆ ಹೋಗಿ, ದಿನಕ್ಕೆ ಎರಡು ಮೂರು ಗಂಟೆಯನ್ನು ಟ್ರಾಫಿಕ್‌ಗೆ ಒಪ್ಪಿಸುತ್ತಾರೆ.

ಕಾಗದಪತ್ರದ ಕೆಲಸ ಊರಿನಲ್ಲೇ ಶುರುವಾಗಬೇಕು. ಪದವಿ ಪ್ರಮಾಣಪತ್ರಕ್ಕೆ ಮೊದಲು ರಾಜ್ಯದ, ಆಮೇಲೆ ವಿದೇಶಾಂಗ ಸಚಿವಾಲಯದ, ಕೊನೆಗೆ ಯುಎಇ ರಾಯಭಾರ ಕಚೇರಿಯ ಮೊಹರು. ಇಲ್ಲಿ ಇಳಿದ ಮೇಲೆ ರಕ್ತಪರೀಕ್ಷೆ, ಎದೆಯ ಎಕ್ಸ್‌ರೇ, ಬೆರಳಚ್ಚು, ಕೊನೆಗೆ ಎಮಿರೇಟ್ಸ್ ಐಡಿ. ಅದು ಕೈಗೆ ಬರುವ ತನಕ ಬ್ಯಾಂಕ್ ಖಾತೆಗೂ ಮನೆಗೂ ಪರದಾಟ. ನಮ್ಮ ಡ್ರೈವಿಂಗ್ ಲೈಸೆನ್ಸನ್ನು ಹಾಗೇ ಬದಲಿಸಿಕೊಡುವುದಿಲ್ಲ, ಇಪ್ಪತ್ತು ವರ್ಷ ಕಾರು ಓಡಿಸಿದವರೂ ಪರೀಕ್ಷೆಗೆ ಕೂರಬೇಕು. ರಸ್ತೆಯ ಬಲಬದಿಗೆ ಹೋಗುವ ಅಭ್ಯಾಸ ಬೇರೆ ಆಗಬೇಕು. ಊರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಾಲ್ ಮಾಡಲು ಇಲ್ಲಿ ನಿರ್ಬಂಧ. ಹಾಗಾಗಿ ಕುಂದಾಪುರದ ಅಮ್ಮಂದಿರ ಫೋನಿನಲ್ಲೂ ಬೋಟಿಮ್ ಆ್ಯಪ್ ಬಂದು ಕೂತಿದೆ.

ಒಂಟಿತನ ಕಾಡುತ್ತದೆಯೇ ಎಂದು ಕೇಳುವವರಿಗೆ ದೇರಾದ ವಾಟರ್‌ಫ್ರಂಟ್ ಮಾರ್ಕೆಟ್ ತೋರಿಸಬೇಕು. ಬೆಳಗಿನ ಹೊತ್ತು ಮೀನಿನ ಸಾಲಿನಲ್ಲಿ ನಿಂತರೆ ಮಲಯಾಳ, ಬಂಗಾಳಿ, ಉರ್ದು, ನಡುವೆ ತುಳು. ನಮ್ಮ ಅಂಜಲ್‌ಗೆ ಇಲ್ಲಿನ ಅರಬ್ಬರು ಕನದ್ ಎನ್ನುತ್ತಾರೆ. ಕರಾವಳಿಯ ಗಿರಾಕಿ ಕಿವಿರು ಎತ್ತಿ ಕೆಂಪು ನೋಡಿ, ಬೆರಳಿನಿಂದ ಒತ್ತಿ, ಎರಡು ಹೆಜ್ಜೆ ಹಿಂದೆ ಸರಿದು ಬೇಡವೆನ್ನುವಂತೆ ನಟಿಸುತ್ತಾನೆ. ಮಾರುವವನಿಗೂ ಅದು ಗೊತ್ತು. ತೂಕ ಆದ ಮೇಲೆ ಕತ್ತರಿಸುವ ಕೌಂಟರಿಗೆ ಬೇರೆ ಚೀಟಿ, ಕಿಲೋ ಲೆಕ್ಕದಲ್ಲಿ ಬೇರೆ ದುಡ್ಡು. ಅಲ್ಲಿ ‘ಫ್ರೈಗೆ’ ಎಂದರೆ ಸಾಕು, ಎಷ್ಟು ದಪ್ಪದ ತುಂಡು ಎಂದು ಕೇಳುವುದೇ ಇಲ್ಲ.

ಈ ನಂಟು ನಿನ್ನೆ ಮೊನ್ನೆಯದಲ್ಲ. ಭಾರತದ ರೂಪಾಯಿ, ಆಮೇಲೆ ರಿಸರ್ವ್ ಬ್ಯಾಂಕ್ ಈ ಸೀಮೆಗೆಂದೇ ಮುದ್ರಿಸಿದ ಗಲ್ಫ್ ರೂಪಾಯಿ 1966ರವರೆಗೆ ಇಲ್ಲಿ ಚಲಾವಣೆಯಲ್ಲಿತ್ತು. ದಿರ್ಹಮ್ ಬಂದದ್ದು 1973ರಲ್ಲಿ. ಭಟ್ಕಳ, ಉಡುಪಿ, ಮಂಗಳೂರಿನವರ ಎರಡು ಮೂರು ತಲೆಮಾರು ಇಲ್ಲಿ ದುಡಿದಿದೆ. ರಾಜ್ಯೋತ್ಸವ ನವೆಂಬರಿನಲ್ಲಿ ಬರುವುದರಿಂದ ಹವಾಮಾನವೂ ಕನ್ನಡ ಸಂಘಗಳ ಪರ. ಯಕ್ಷಗಾನ ಕಲಿಸುವವರಿದ್ದಾರೆ, ರಜೆಯ ದಿನ ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸುವವರಿದ್ದಾರೆ. ಹೀಗಾಗಿ ಒಂದು ವಾಕ್ಯ ಅರಬ್ಬಿ ಕಲಿಯದೆ ಇಡೀ ಆಯುಷ್ಯ ಇಲ್ಲಿ ಕಳೆಯಬಹುದು. ದೇಶದ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿ ಹೊರಗಿನವರೇ ಆಗಿರುವಾಗ ಸ್ಥಳೀಯರು ಕಾಣುವುದು ಸರ್ಕಾರಿ ಕೌಂಟರಿನಲ್ಲಿ ಮಾತ್ರ. ಇದನ್ನು ಸೌಕರ್ಯ ಎನ್ನುವವರೇ ಹೆಚ್ಚು. ನನಗೆ ಇದು ನಷ್ಟವೆಂದೇ ಅನಿಸುತ್ತದೆ.

ನೆಲೆಯೂರಿದೆವು ಎಂದು ಎಷ್ಟೇ ಅನ್ನಿಸಿದರೂ ಉದ್ಯೋಗದ ವೀಸಾ ಸಾಮಾನ್ಯವಾಗಿ ಎರಡು ವರ್ಷದ್ದು. ಕೆಲಸ ಹೋದರೆ ಬೇರೆ ಕೆಲಸ ಹುಡುಕಲು ಗಡುವು, ಅದು ಮುಗಿದರೆ ಊರು. 2019ರಿಂದ ಗೋಲ್ಡನ್ ವೀಸಾ ಬಂದಿದೆ, ಹತ್ತು ವರ್ಷ ಇರಬಹುದು. ಆದರೆ ಆಸ್ತಿಯ ಮೂಲಕ ಪಡೆಯುವುದಾದರೆ ಆಸ್ತಿಯ ಬೆಲೆ 20 ಲಕ್ಷ ದಿರ್ಹಮ್ ಇರಬೇಕು. ಪೌರತ್ವ ಸಾಮಾನ್ಯರ ಮಾತಲ್ಲ. ಆದ್ದರಿಂದ ಇಲ್ಲಿಂದ ಹೊರಡುವ ದಿನದ ಲೆಕ್ಕವನ್ನು ಬರುವ ಮೊದಲೇ ಹಾಕುವವನೇ ಜಾಣ.

ಆ ಲೆಕ್ಕ ನಿಂತಿರುವುದು ಬೇಸಿಕ್ ಸಂಬಳದ ಮೇಲೆ. ಪಿಂಚಣಿ ಇಲ್ಲದ ನಮ್ಮಂಥವರಿಗೆ ಸಿಗುವುದು ಗ್ರಾಚ್ಯುಯಿಟಿ. ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಬೇಸಿಕ್, ನಂತರದ ವರ್ಷಗಳಿಗೆ 30 ದಿನದ್ದು. 2023ರಲ್ಲಿ ಕಡ್ಡಾಯವಾದ ಉದ್ಯೋಗನಷ್ಟ ವಿಮೆಯೂ ಬೇಸಿಕ್‌ನ ಶೇ 60ರಷ್ಟನ್ನೇ ಕೊಡುತ್ತದೆ, ಅದೂ ಮೂರು ತಿಂಗಳವರೆಗೆ. ಇಬ್ಬರಿಗೆ ತಲಾ 10,000 ದಿರ್ಹಮ್ ಸಂಬಳ ಎಂದುಕೊಳ್ಳಿ. ಒಬ್ಬರ ಬೇಸಿಕ್ 4,000, ಇನ್ನೊಬ್ಬರದು 6,000. ಐದು ವರ್ಷ ಮುಗಿಸಿ ಹೊರಟರೆ ಮೊದಲನೆಯವರ ಕೈಗೆ 14,000, ಎರಡನೆಯವರ ಕೈಗೆ 21,000. ಆಫರ್ ಲೆಟರ್ ಬಂದಾಗ ಎಲ್ಲರ ಕಣ್ಣು ಕೊನೆಯ ಸಾಲಿನ ಒಟ್ಟು ಮೊತ್ತದ ಮೇಲೆ ಹೋಗುತ್ತದೆ. ನೀವು ಮೊದಲ ಸಾಲು ಓದಿ, ಚೌಕಾಶಿ ಮಾಡುವುದಿದ್ದರೆ ಅಲ್ಲೇ ಮಾಡಿ, ಆಮೇಲೆ ಸಹಿ ಹಾಕಿ.