ಗಾಯದ ನೊರೆಯಿಂದ ಕೃತಕ ಜೀವಕೋಶದವರೆಗೆ

ಗಾಯಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದಾಗ ಬಿಳಿ ನೊರೆ ಉಕ್ಕುವುದನ್ನು ನೀವು ನೋಡಿರಬಹುದು. ಆ ನೊರೆ ಆಮ್ಲಜನಕದ ಗುಳ್ಳೆಗಳು. ನಮ್ಮ ರಕ್ತದಲ್ಲಿರುವ ‘ಕ್ಯಾಟಲೇಸ್’ ಎಂಬ ಕಿಣ್ವವು ಪೆರಾಕ್ಸೈಡನ್ನು ಕ್ಷಣಾರ್ಧದಲ್ಲಿ ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಹೀಗೆ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಪ್ರೋಟೀನುಗಳೇ ಕಿಣ್ವಗಳು. ನಮ್ಮ ಜೀವಕೋಶಗಳಲ್ಲಿ ಇಂಥವು ಸಾವಿರಾರು ಇವೆ.

ಇವುಗಳಲ್ಲಿ ಒಂದು ಹುಟ್ಟಿನಿಂದಲೇ ಇಲ್ಲದಿದ್ದರೆ? 1940ರ ದಶಕದಲ್ಲಿ ಜಪಾನಿನ ವೈದ್ಯ ಶಿಗೆಯೊ ತಕಹಾರ ಅವರು, ಬಾಯಿಯಲ್ಲಿ ಕೊಳೆತ ಹುಣ್ಣಿದ್ದ ಬಾಲಕಿಯೊಬ್ಬಳ ಗಾಯಕ್ಕೆ ಪೆರಾಕ್ಸೈಡ್ ಹಾಕಿದಾಗ ನೊರೆ ಬರಲಿಲ್ಲ, ರಕ್ತ ಕಪ್ಪಾಯಿತು. ಅವಳ ರಕ್ತದಲ್ಲಿ ಕ್ಯಾಟಲೇಸ್ ಕೊರತೆಯಿತ್ತು.

ಇಲ್ಲದ ಕಿಣ್ವವನ್ನು ಚುಚ್ಚುಮದ್ದಿನ ಮೂಲಕ ಕೊಡಬಹುದಲ್ಲವೇ ಎಂದು ನೀವು ಕೇಳಬಹುದು. ಆದರೆ ಹೊರಗಿನ ಪ್ರೋಟೀನನ್ನು ದೇಹವು ಶತ್ರುವೆಂದು ಬಗೆದು ನಾಶಮಾಡಬಹುದು, ಅಲರ್ಜಿಯೂ ಆಗಬಹುದು. ಇದಕ್ಕೆ ದಾರಿ ತೋರಿಸಿದವರು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಥಾಮಸ್ ಚಾಂಗ್. 1957ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಅವರು ತೆಳು ಪೊರೆಯ ಸೂಕ್ಷ್ಮ ಚೀಲಗಳನ್ನು ತಯಾರಿಸಿದರು. ಇವೇ ಕೃತಕ ಜೀವಕೋಶಗಳು.

ಮೊಳಕೆ ಬರಿಸಲು ಹೆಸರುಕಾಳನ್ನು ಬಟ್ಟೆಯಲ್ಲಿ ಕಟ್ಟುತ್ತೀರಷ್ಟೆ? ನೀರು ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ. ಕಾಳು ಮಾತ್ರ ಒಳಗೇ ಉಳಿಯುತ್ತದೆ. ಇಲ್ಲಿಯೂ ಹಾಗೆಯೇ. ಗಾತ್ರದಲ್ಲಿ ದೊಡ್ಡದಾದ ಕಿಣ್ವ ಚೀಲದಿಂದ ಹೊರಬರಲಾರದು. ದೇಹದ ರಕ್ಷಣಾ ಕಣಗಳು ಒಳಹೋಗಲಾರವು. ಪೆರಾಕ್ಸೈಡಿನಂಥ ಚಿಕ್ಕ ಅಣುಗಳು ಒಳಹೋಗಿ, ಕ್ರಿಯೆ ನಡೆದು, ನೀರು ಮತ್ತು ಆಮ್ಲಜನಕ ಹೊರಬರುತ್ತವೆ. ಕ್ಯಾಟಲೇಸ್ ಕೊರತೆಯ ಇಲಿಗಳಲ್ಲಿ ಈ ವಿಧಾನ ಫಲ ನೀಡಿದ್ದನ್ನು 1968ರಲ್ಲಿ ಚಾಂಗ್ ಮತ್ತು ಅವರ ಸಹೋದ್ಯೋಗಿ ಪ್ರಕಟಿಸಿದರು. 2014ರಲ್ಲಿ ನೆದರ್ಲೆಂಡ್ಸಿನ ವಿಜ್ಞಾನಿಗಳು ದೊಡ್ಡ ಚೀಲದೊಳಗೆ ಚಿಕ್ಕ ಚೀಲಗಳನ್ನಿಟ್ಟು, ಹಲವು ಕಿಣ್ವಗಳಿಂದ ಒಂದಾದ ಮೇಲೊಂದು ಕ್ರಿಯೆ ನಡೆಸಿ ತೋರಿಸಿದರು.

ಇದೇ ಪೊರೆಯ ತತ್ವ ಆಸ್ಪತ್ರೆಗೂ ಬಂದಿದೆ. ಫಿಟ್ಸ್‌ಗೆ ಕೊಡುವ ಫಿನೋಬಾರ್ಬಿಟೋನ್‌ನಂಥ ಕೆಲವು ಮಾತ್ರೆಗಳನ್ನು ಅತಿಯಾಗಿ ನುಂಗಿದವರ ರಕ್ತವನ್ನು, ಪೊರೆ ಹೊದಿಸಿದ ಇದ್ದಿಲಿನ ಕಣಗಳ ಮೂಲಕ ಹಾಯಿಸಿ ಶುದ್ಧಿ ಮಾಡಬಹುದು. ಇಲ್ಲಿ ವಿಷವು ಒಡೆಯುವುದಿಲ್ಲ, ಇದ್ದಿಲಿಗೆ ಅಂಟಿಕೊಳ್ಳುತ್ತದೆ. ಎಲ್ಲ ವಿಷಗಳಿಗೂ ಇದು ಮದ್ದಲ್ಲ; ಮನೆಯ ಒಲೆಯ ಇದ್ದಿಲಂತೂ ಇದಕ್ಕೆ ಬದಲಿಯಲ್ಲವೇ ಅಲ್ಲ. ಯಾರಾದರೂ ವಿಷ ಅಥವಾ ಮಾತ್ರೆ ನುಂಗಿದ್ದರೆ ಬಲವಂತವಾಗಿ ವಾಂತಿ ಮಾಡಿಸಬೇಡಿ. ಸೀಸೆ ಅಥವಾ ಮಾತ್ರೆಯ ಪಟ್ಟಿಯೊಂದಿಗೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಕೃತಕ ಜೀವಕೋಶಗಳಿಗೆ ಜೀವವಿಲ್ಲ. ಅವು ನಮ್ಮ ಜೀವಕೋಶದ ಒಂದೆರಡು ಕೆಲಸಗಳನ್ನಷ್ಟೇ ಮಾಡಬಲ್ಲವು. ದಾನಿಯ ರಕ್ತದ ಎಲ್ಲ ಕೆಲಸಗಳನ್ನೂ ಮಾಡಬಲ್ಲ ಕೃತಕ ರಕ್ತ ಇನ್ನೂ ಸಿದ್ಧವಾಗಿಲ್ಲ. ಆದ್ದರಿಂದ ಆರೋಗ್ಯವಂತರು ರಕ್ತದಾನಕ್ಕೆ ಹಿಂಜರಿಯದಿರಿ.