ತುಕ್ಕು ಹಿಡಿದ ಹಾದಿಯಲ್ಲಿ ಮತ್ತೆ ಓಟ



ಟಾರ್ಚು ಹತ್ತದಿದ್ದಾಗ ನೀವು ಏನು ಮಾಡುತ್ತೀರಿ? ಮೊದಲು ಅಂಗೈಗೆ ಎರಡು ಸಲ ತಟ್ಟುತ್ತೀರಿ. ಆಗಲೂ ಹತ್ತದಿದ್ದರೆ ಸೆಲ್ಲುಗಳನ್ನು ಹೊರತೆಗೆದು, ಅವುಗಳ ತುದಿಯನ್ನೂ ಟಾರ್ಚಿನೊಳಗಿನ ತಗಡನ್ನೂ ಉಜ್ಜಿ ಮತ್ತೆ ಹಾಕುತ್ತೀರಿ. ಬಲ್ಬು ಬೆಳಗುತ್ತದೆ. ಸೆಲ್ಲಿನಲ್ಲಿ ಶಕ್ತಿ ಇತ್ತು, ಬಲ್ಬೂ ಚೆನ್ನಾಗಿತ್ತು. ಎರಡರ ನಡುವಿನ ಸಂಪರ್ಕವೊಂದೇ ಕೆಟ್ಟಿತ್ತು. ಈ ಸಣ್ಣ ಅನುಭವವನ್ನು ನೆನಪಿನಲ್ಲಿಟ್ಟುಕೊಂಡು ಒಂದು ವಿಶೇಷ ಆಟಿಕೆಯನ್ನು ಪರಿಶೀಲಿಸೋಣ. ಕಾರ್ಯಕ್ರಮದಲ್ಲಿ ಹೇಳಲು ಸಮಯ ಸಾಲದ ವಿವರಗಳನ್ನು ಇಲ್ಲಿ ಬಿಡಿಸಿ ಹೇಳಲಾಗಿದೆ.

ಆ ಆಟಿಕೆಯ ಹೆಸರು ಸ್ಲಾಟ್ ಕಾರು. ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಕಾರು. ಅದು ಓಡಲು ತುಂಡು ತುಂಡಾಗಿ ಜೋಡಿಸುವ ಹಾದಿ. ಹಾದಿಯ ಉದ್ದಕ್ಕೂ ಒಂದು ಸೀಳು ಇರುತ್ತದೆ. ಕಾರಿನ ಮುಂಭಾಗದ ಅಡಿಯಲ್ಲಿರುವ ಚಿಕ್ಕ ಅಲಗು ಈ ಸೀಳಿನಲ್ಲಿ ಇಳಿದು, ಕಾರು ದಾರಿ ತಪ್ಪದಂತೆ ನೋಡಿಕೊಳ್ಳುತ್ತದೆ. ಸೀಳಿನ ಎರಡು ಬದಿಯಲ್ಲಿ ಎರಡು ಲೋಹದ ಪಟ್ಟಿಗಳು. ಒಂದು ಪಟ್ಟಿಯಿಂದ ವಿದ್ಯುತ್ತು ಕಾರಿಗೆ ಬರುತ್ತದೆ, ಮೋಟಾರನ್ನು ತಿರುಗಿಸಿ ಇನ್ನೊಂದು ಪಟ್ಟಿಯ ಮೂಲಕ ಹಿಂದಿರುಗುತ್ತದೆ. ಕಾರಿನ ಅಡಿಯಲ್ಲಿರುವ, ಸಣ್ಣ ತಾಮ್ರದ ತಂತಿಗಳಿಂದ ಹೆಣೆದ ಎರಡು ಜಡೆಗಳು ಪಟ್ಟಿಗಳನ್ನು ಸವರುತ್ತ ಹೋಗುತ್ತವೆ. ಆಟಗಾರನ ಕೈಯಲ್ಲಿ ಒಂದು ನಿಯಂತ್ರಕ. ಅದನ್ನು ಒತ್ತಿದಷ್ಟೂ ವೇಗ ಹೆಚ್ಚು. ತಿರುವಿನಲ್ಲಿ ಮಿತಿ ಮೀರಿದರೆ ಕಾರು ಹಾದಿಯಿಂದ ಹೊರಕ್ಕೆ ಹಾರುತ್ತದೆ!

ಹುಟ್ಟಿದ ಕಥೆ

ಇಂಥ ಆಟಿಕೆಗಳಲ್ಲಿ ಬಹಳ ಹೆಸರಾದದ್ದು ಇಂಗ್ಲೆಂಡಿನ ಸ್ಕೇಲೆಕ್ಸ್‌ಟ್ರಿಕ್. ಫ್ರೆಡ್ ಫ್ರಾನ್ಸಿಸ್ ಎಂಬುವರು 1947ರಲ್ಲಿ ಮಿನಿಮಾಡೆಲ್ಸ್ ಎಂಬ ಕಂಪನಿಯನ್ನು ಸ್ಥಾಪಿಸಿದರು. 1952ರಲ್ಲಿ ಅವರು ಸ್ಕೇಲೆಕ್ಸ್ ಎಂಬ ಹೆಸರಿನಲ್ಲಿ ಸ್ಪ್ರಿಂಗಿನ ಬಲದಿಂದ ಓಡುವ ತಗಡಿನ ಕಾರುಗಳನ್ನು ತಂದರು. ಆಮೇಲೆ ಸ್ಪ್ರಿಂಗಿನ ಬದಲು ವಿದ್ಯುತ್ ಮೋಟಾರು ಬಂತು. ಸ್ಕೇಲೆಕ್ಸ್ ಎಂಬುದಕ್ಕೆ ಎಲೆಕ್ಟ್ರಿಕ್ ಎಂಬುದು ಕೂಡಿ ಸ್ಕೇಲೆಕ್ಸ್‌ಟ್ರಿಕ್ ಆಯಿತು. 1957ರ ಜನವರಿಯಲ್ಲಿ ಹ್ಯಾರೊಗೇಟ್ ಊರಿನ ಆಟಿಕೆ ಮೇಳದಲ್ಲಿ ಅದು ಮೊದಲ ಬಾರಿಗೆ ಪ್ರದರ್ಶನಗೊಂಡಿತು. ಮರುವರ್ಷವೇ, ಅಂದರೆ 1958ರಲ್ಲಿ, ದೊಡ್ಡ ಆಟಿಕೆ ತಯಾರಕರಾದ ಲೈನ್ಸ್ ಬ್ರದರ್ಸ್ ಈ ಕಂಪನಿಯನ್ನು ಕೊಂಡುಕೊಂಡರು. ಮೊದಮೊದಲು ಹಾದಿಯ ತುಂಡುಗಳನ್ನು ರಬ್ಬರಿನಲ್ಲಿ ಮಾಡುತ್ತಿದ್ದರು; 1960ರ ದಶಕದಲ್ಲಿ ಪ್ಲಾಸ್ಟಿಕ್ ಹಾದಿ ಬಂತು.

ಆ ಕಾಲದಲ್ಲಿ ಮಾರಾಟವಾದ ಸಾವಿರಾರು ಪೆಟ್ಟಿಗೆಗಳು ಅಲ್ಲಿನ ಮನೆಗಳ ಅಟ್ಟದ ಮೇಲೆ, ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ಉಳಿದವು. ಅಂದು ಆಡಿದ ಹುಡುಗರು ಇಂದು ಅಜ್ಜಂದಿರು. ಮೊಮ್ಮಕ್ಕಳಿಗೆ ತೋರಿಸೋಣವೆಂದು ಪೆಟ್ಟಿಗೆ ಇಳಿಸಿ, ಹಾದಿ ಜೋಡಿಸಿ, ಕಾರು ಇಟ್ಟರೆ ಅದು ಒಂದು ಗೇಣು ಓಡಿ ನಿಂತುಬಿಡುತ್ತದೆ. ನಮ್ಮಲ್ಲಿ ಈ ಆಟಿಕೆ ಮನೆ ಮನೆಯಲ್ಲಿ ಕಾಣುವಂಥದ್ದಲ್ಲ. ಆದರೆ ಅದು ಏಕೆ ನಿಲ್ಲುತ್ತದೆ, ಮತ್ತೆ ಹೇಗೆ ಓಡುತ್ತದೆ ಎಂದು ತಿಳಿದವರು ತಮ್ಮ ಮನೆಯ ಎಷ್ಟೋ ವಸ್ತುಗಳನ್ನು ಉಳಿಸಿಕೊಳ್ಳಬಲ್ಲರು.

ಕಾರು ಏಕೆ ನಿಲ್ಲುತ್ತದೆ?

ಒಂದು ಅಯಸ್ಕಾಂತವನ್ನು ಹಾದಿಯ ಪಟ್ಟಿಗೆ ಹಿಡಿದು ನೋಡಿ. ಅಂಟಿಕೊಂಡರೆ ಪಟ್ಟಿ ಉಕ್ಕಿನದು. ಉಕ್ಕಿನಲ್ಲಿರುವ ಕಬ್ಬಿಣಕ್ಕೆ ನೀರಿನ ಅಂಶ ಮತ್ತು ಗಾಳಿಯ ಆಮ್ಲಜನಕ ಎರಡೂ ಸೇರಿದಾಗ ತುಕ್ಕು ಹುಟ್ಟುತ್ತದೆ. ಬೆವರಿನ ಕೈಯಿಂದ ಮುಟ್ಟಿದ್ದರೆ ಅದರಲ್ಲಿರುವ ಉಪ್ಪು ಈ ಕ್ರಿಯೆಯನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ತುಕ್ಕು ವಿದ್ಯುತ್ತಿಗೆ ಒಳ್ಳೆಯ ವಾಹಕವಲ್ಲ. ಅದು ತಾನು ನುಂಗಿದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನೂ ಬೇಡುತ್ತದೆ. ಆದ್ದರಿಂದಲೇ ಉಕ್ಕಿನ ಮೇಲಿನ ಲೇಪ ಉಬ್ಬಿ, ಹೊಪ್ಪಳೆಯಾಗಿ ಏಳುತ್ತದೆ.

ಎರಡನೆಯ ಶತ್ರು ಕಪ್ಪು ಕೊಳೆ. ಕಾರು ಓಡುವಾಗ ಜಡೆ ಮತ್ತು ಪಟ್ಟಿಯ ನಡುವೆ ಆಗಾಗ ಕಿಡಿ ಹಾರುತ್ತದೆ. ಅದರಿಂದ ಸುಟ್ಟ ಎಣ್ಣೆಯ ಮಸಿ, ಟೈರಿನಿಂದ ಸವೆದ ರಬ್ಬರಿನ ಪುಡಿ, ಮನೆಯ ದೂಳು ಎಲ್ಲವೂ ಸೇರಿ ಒಂದು ತೆಳುವಾದ ಪೊರೆ ಕಟ್ಟುತ್ತದೆ. ಮೂರನೆಯ ಶತ್ರು ಕಣ್ಣಿಗೆ ಬೀಳುವುದೇ ಇಲ್ಲ. ಎರಡು ತುಂಡುಗಳು ಸೇರುವ ಕಡೆ ಇರುವ ಲೋಹದ ನಾಲಿಗೆಗಳು ಹಲವು ಸಲ ಜೋಡಿಸಿ ಬಿಚ್ಚಿದ್ದರಿಂದ ಬಿಗಿ ಕಳೆದುಕೊಂಡಿರುತ್ತವೆ.

ಒಂದು ಸಣ್ಣ ಲೆಕ್ಕ

ಈ ಸಡಿಲ ಜೋಡಣೆಗಳು ಎಷ್ಟು ಕೇಡು ಮಾಡುತ್ತವೆ? ಓಮ್ ನಿಯಮವನ್ನು ನೆನಪಿಸಿಕೊಳ್ಳಿ: ಪ್ರವಾಹವನ್ನು ರೋಧದಿಂದ ಗುಣಿಸಿದರೆ ಅಲ್ಲಿ ನಷ್ಟವಾಗುವ ವೋಲ್ಟೇಜು ಸಿಗುತ್ತದೆ. 20 ತುಂಡುಗಳ ಒಂದು ಸುತ್ತು ಹಾದಿ ಇದೆ, ಸರಬರಾಜು 12 ವೋಲ್ಟ್, ಕಾರು ಅರ್ಧ ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಕಾರು ಸರಬರಾಜಿನ ಎದುರು ಬದಿಯಲ್ಲಿರುವಾಗ ಅದಕ್ಕೂ ಸರಬರಾಜಿಗೂ ನಡುವೆ ಎಡಕ್ಕೆ 10, ಬಲಕ್ಕೆ 10 ಜೋಡಣೆಗಳು. ಹೋಗುವುದಕ್ಕೊಂದು ಬರುವುದಕ್ಕೊಂದು ಪಟ್ಟಿಯಾದ್ದರಿಂದ ಒಂದೊಂದು ಬದಿಯಲ್ಲೂ 20 ಸಂಪರ್ಕಗಳು.

ಪ್ರತಿ ಸಂಪರ್ಕದ ರೋಧ 0.02 ಓಮ್ ಇದ್ದರೆ ಒಂದು ಬದಿಗೆ 0.4 ಓಮ್. ಎರಡು ಬದಿಗಳೂ ಸಮಾಂತರವಾಗಿರುವುದರಿಂದ ಒಟ್ಟು 0.2 ಓಮ್. ನಷ್ಟ ಕೇವಲ 0.1 ವೋಲ್ಟ್. ಕೊಳೆ ಸೇರಿ ಪ್ರತಿ ಸಂಪರ್ಕವೂ 0.4 ಓಮ್ ಆಯಿತೆನ್ನಿ. ಒಂದು ಬದಿಗೆ 8, ಒಟ್ಟು 4 ಓಮ್. ನಷ್ಟ 2 ವೋಲ್ಟ್. ಕಾರು ಬಳಲುತ್ತದೆ, ಆದರೂ ಓಡುತ್ತದೆ. ಈಗ ಸರಬರಾಜಿನ ಪಕ್ಕದ ಒಂದೇ ಒಂದು ಜೋಡಣೆಯಲ್ಲಿ ಎರಡೂ ಪಟ್ಟಿಗಳ ಸಂಪರ್ಕ ಕಡಿದುಹೋಗಲಿ. ಅದರ ಆಚೆ ನಿಂತ ಕಾರಿಗೆ ವಿದ್ಯುತ್ತು ಇಡೀ ಹಾದಿಯನ್ನು ಸುತ್ತಿ, ಉಳಿದ 19 ಜೋಡಣೆಗಳನ್ನು ದಾಟಿ ಬರಬೇಕು. 38 ಸಂಪರ್ಕ, 15.2 ಓಮ್, 7.6 ವೋಲ್ಟ್ ನಷ್ಟ! ಕಾರಿಗೆ ಉಳಿಯುವುದು 4.4 ವೋಲ್ಟ್.

ಇದು ಸ್ಥೂಲವಾದ ಲೆಕ್ಕ. ವೋಲ್ಟೇಜು ಇಳಿದಂತೆ ಮೋಟಾರು ಎಳೆಯುವ ಪ್ರವಾಹವೂ ಬದಲಾಗುತ್ತದೆ. ಆದರೆ ದೋಷ ಎಲ್ಲಿದೆಯೆಂದು ಹುಡುಕಲು ಇದು ಸಾಕು. ಕಾರು ದೂರ ಹೋದಂತೆ ಮೆಲ್ಲಮೆಲ್ಲನೆ ನಿಧಾನವಾದರೆ ಎಲ್ಲ ಜೋಡಣೆಗಳೂ ಕೊಳೆಯಾಗಿವೆ. ಒಂದು ಜೋಡಣೆಯನ್ನು ದಾಟಿದೊಡನೆ ಥಟ್ಟನೆ ನಿಧಾನವಾದರೆ ಆ ಜೋಡಣೆಯೇ ಅಪರಾಧಿ.

ಮೊದಲು ಮಾಡಬಾರದ ಕೆಲಸಗಳು

ಹಳೆಯ ವಸ್ತು ಕೈಗೆ ಸಿಕ್ಕೊಡನೆ ಅದನ್ನು ಥಳಥಳ ಹೊಳೆಯಿಸಬೇಕೆಂಬ ಉತ್ಸಾಹ ಬರುವುದು ಸಹಜ. ಆ ಉತ್ಸಾಹವನ್ನು ಸ್ವಲ್ಪ ತಡೆಯಿರಿ. ಗಡಸು ಉಪ್ಪುಕಾಗದದಿಂದ ಉಜ್ಜಿದರೆ ತುಕ್ಕು ಹೋಗುತ್ತದೆ, ನಿಜ. ಅದರ ಜೊತೆಗೆ ತುಕ್ಕಿಲ್ಲದ ಕಡೆ ಇನ್ನೂ ಉಳಿದಿದ್ದ ಲೇಪವೂ ಹೋಗುತ್ತದೆ. ಆಮೇಲೆ ಬರಿಯ ಉಕ್ಕು ಗಾಳಿಗೆ ತೆರೆದುಕೊಂಡು, ಒಂದೇ ಮಳೆಗಾಲದಲ್ಲಿ ಮೊದಲಿಗಿಂತ ಹೆಚ್ಚು ತುಕ್ಕು ಹಿಡಿಯಬಹುದು. ಕೊಳೆ ಇಂದಲ್ಲ ನಾಳೆ ತೆಗೆಯಬಹುದು. ಕೆರೆದುಹಾಕಿದ ಲೋಹ ಮರಳಿ ಬಾರದು.

ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು ಹಾಕಿ ಬೆಳಗುವುದನ್ನು ನೀವು ನೋಡಿದ್ದೀರಿ. ಹುಣಸೆಯ ಆಮ್ಲ ಮೇಲಿನ ಕಿಲುಬನ್ನು ಕರಗಿಸುತ್ತದೆ. ಆ ಉಪಾಯ ಇಲ್ಲಿ ಬೇಡ. ಚೊಂಬನ್ನು ನೀರಿನಲ್ಲಿ ಚೆನ್ನಾಗಿ ತೊಳೆಯಬಹುದು, ಹಾದಿಯನ್ನು ಹಾಗೆ ತೊಳೆಯಲಾಗದು. ಪಟ್ಟಿಯ ಕೆಳಗೆ ಉಳಿದ ಆಮ್ಲ ಮತ್ತು ನೀರು ಒಳಗಿನಿಂದಲೇ ಕೊರೆಯುತ್ತವೆ. ಉಕ್ಕಿನ ನಾರಿನ ಉಂಡೆಯೂ ಬೇಡ. ಅದರ ಕೂದಲಿನಂಥ ಎಳೆಗಳು ಸೀಳಿನ ಮೇಲೆ ಅಡ್ಡ ಬಿದ್ದರೆ ಎರಡು ಪಟ್ಟಿಗಳ ನಡುವೆ ಷಾರ್ಟ್ ಸರ್ಕ್ಯೂಟ್ ಆಗುತ್ತದೆ. ಮೋಟಾರಿನ ಅಯಸ್ಕಾಂತವೂ ಅವನ್ನು ಒಳಕ್ಕೆ ಸೆಳೆದುಕೊಳ್ಳುತ್ತದೆ. ಪೆಟ್ರೋಲು, ಸೀಮೆಎಣ್ಣೆ, ಥಿನ್ನರ್ ಮುಟ್ಟಲೇಬೇಡಿ. ರಬ್ಬರು ಇವುಗಳಲ್ಲಿ ಊದಿಕೊಳ್ಳುತ್ತದೆ, ಕೆಲವು ಪ್ಲಾಸ್ಟಿಕ್‌ಗಳು ಥಿನ್ನರಿನಲ್ಲಿ ಕರಗುತ್ತವೆ. ಬೆಂಕಿಯ ಅಪಾಯವಂತೂ ಇದ್ದೇ ಇದೆ.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ: ಪೆಟ್ಟಿಗೆಯಲ್ಲಿ ಸಿಗುವ ಹಳೆಯ ಟ್ರಾನ್ಸ್‌ಫಾರ್ಮರನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಬೇಡಿ, ಬಿಚ್ಚಲೂ ಬೇಡಿ. ದಶಕಗಳ ಹಿಂದಿನ ತಂತಿಯ ಹೊದಿಕೆ ಒಣಗಿ ಬಿರುಕು ಬಿಟ್ಟಿರುತ್ತದೆ. ಹಾದಿಯ ಮೇಲಿನ 12 ವೋಲ್ಟ್ ನಿರಪಾಯ. ಟ್ರಾನ್ಸ್‌ಫಾರ್ಮರಿನ ಒಳಗೆ ಬರುವ 230 ವೋಲ್ಟ್ ಪ್ರಾಣ ತೆಗೆಯಬಲ್ಲದು. ಅದನ್ನು ನೆನಪಿಗೆಂದು ಇಟ್ಟುಕೊಳ್ಳಿ. ಓಡಿಸಲು 12 ವೋಲ್ಟಿನ ಹೊಸ ಅಡಾಪ್ಟರನ್ನು, ಇಲ್ಲವೇ ಸಾಲಾಗಿ ಜೋಡಿಸಿದ ಎಂಟು ಸಾಮಾನ್ಯ ಸೆಲ್ಲುಗಳನ್ನು ಬಳಸಿ.

ಶುಚಿ ಮಾಡುವ ಕ್ರಮ

ಮೊದಲು ಎಲ್ಲ ತುಂಡುಗಳನ್ನೂ ಬಿಚ್ಚಿ, ಒಂದು ಫೋಟೋ ತೆಗೆದಿಟ್ಟು, ಬಣ್ಣ ಹಚ್ಚುವ ಮೃದುವಾದ ಬ್ರಷ್ಷಿನಿಂದ ದೂಳು ಕೊಡವಿ. ಸೀಳಿನೊಳಗಿನ ದೂಳನ್ನು ಮರೆಯಬೇಡಿ.

ಮೇಲ್ಮೈಯನ್ನು ಸಾಬೂನು ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ. ಬಟ್ಟೆಯಲ್ಲಿ ತೇವವಿರಲಿ, ನೀರು ಸುರಿಯದಿರಲಿ. ಬರಿಯ ನೀರಿನ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ, ಕೂಡಲೇ ಒಣಬಟ್ಟೆಯಿಂದ ಒತ್ತಿ ಒರೆಸಿ, ಫ್ಯಾನಿನ ಗಾಳಿಗೆ ಇಡಿ. ಬಿಸಿಲಿಗೆ ಇಟ್ಟರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ.

ಪಟ್ಟಿಗಳ ಸರದಿ ಆಮೇಲೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿದ ಬಿಳಿ ಬಟ್ಟೆಯಿಂದ ಉದ್ದಕ್ಕೆ ಒರೆಸಿ. ಕಿಟಕಿ ತೆರೆದಿರಲಿ, ಹತ್ತಿರ ದೀಪ ಒಲೆ ಇರದಿರಲಿ. ಬಟ್ಟೆ ಕಪ್ಪಾಗುತ್ತದೆ. ಹೊಸ ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ಒರೆಸಿದರೆ ಅನೇಕ ಸಲ ಇಷ್ಟಕ್ಕೇ ಕೆಲಸ ಮುಗಿಯುತ್ತದೆ. ಇನ್ನೂ ಕಂದು ಕಲೆಗಳಿದ್ದರೆ ಇಂಕು ಅಳಿಸುವ ಒರಟು ರಬ್ಬರಿನಿಂದ ಉಜ್ಜಿ ನೋಡಿ. ಅದಕ್ಕೂ ಜಗ್ಗದ ಗಟ್ಟಿ ತುಕ್ಕಿಗೆ ಮಾತ್ರ 1000ಕ್ಕಿಂತ ಮೇಲಿನ ಸಂಖ್ಯೆಯ ಅತಿ ನಯವಾದ ಕಾಗದವನ್ನು ಪುಟ್ಟ ಮರದ ತುಂಡಿಗೆ ಸುತ್ತಿ, ಕಲೆಯಿದ್ದಲ್ಲಿ ಮಾತ್ರ, ಪಟ್ಟಿಯ ಉದ್ದಕ್ಕೆ, ಹಗುರವಾಗಿ ಎಳೆಯಿರಿ. ಅಡ್ಡಡ್ಡ ಉಜ್ಜಿದರೆ ಗೀರುಗಳು ಜಡೆಯನ್ನು ಸವೆಸುತ್ತವೆ. ಉದುರಿದ ಪುಡಿಯನ್ನೆಲ್ಲ ಒರೆಸಿ ತೆಗೆಯಿರಿ.

ಕೊನೆಗೆ ಜೋಡಣೆಗಳು. ಲೋಹದ ನಾಲಿಗೆಗಳನ್ನೂ ಹೀಗೆಯೇ ಶುಚಿಗೊಳಿಸಿ. ಸಡಿಲವಾಗಿದ್ದರೆ ಚಿಕ್ಕ ಇಕ್ಕಳದಿಂದ ಒಂದು ಕೂದಲೆಳೆಯಷ್ಟು ಮಾತ್ರ ಬಗ್ಗಿಸಿ, ಜೋಡಿಸಿ ನೋಡಿ, ಬೇಕಾದರೆ ಇನ್ನಷ್ಟು ಬಗ್ಗಿಸಿ. ಹಳೆಯ ಲೋಹ ಪದೇ ಪದೇ ಬಗ್ಗಿಸಿದರೆ ಮುರಿಯುತ್ತದೆ. ಸೊಟ್ಟಗಾದ ತುಂಡನ್ನು ಸಮತಟ್ಟಾದ ಹಲಗೆಯ ಮೇಲಿಟ್ಟು, ಮೇಲೊಂದು ಹಲಗೆ ಮತ್ತು ದಪ್ಪ ಪುಸ್ತಕಗಳ ಭಾರ ಹೇರಿ ಕೆಲವು ದಿನ ಬಿಡಿ.

ಪರೀಕ್ಷೆ

ಕೆಲಸ ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ? ವೋಲ್ಟ್‌ಮೀಟರು ಹಿಡಿದು ನೋಡಿದರಾಯಿತು ಎನ್ನುತ್ತೀರಿ. ಹಾದಿಯ ಮೇಲೆ ಕಾರಿಲ್ಲದಿರುವಾಗ ಹಿಡಿದರೆ ಎಲ್ಲೆಲ್ಲೂ 12 ವೋಲ್ಟ್ ತೋರಿಸುತ್ತದೆ, ಕೆಟ್ಟ ಜೋಡಣೆಯ ಆಚೆಯೂ ಸಹ! ಕಾರಣ ಯೋಚಿಸಿ. ಪ್ರವಾಹ ಹರಿಯದಿದ್ದರೆ ರೋಧದಲ್ಲಿ ನಷ್ಟವೂ ಇಲ್ಲ. ಮೀಟರು ಎಳೆಯುವ ಪ್ರವಾಹ ಲೆಕ್ಕಕ್ಕೆ ಬಾರದಷ್ಟು ಅಲ್ಪ. ಸ್ಕೂಟರಿನ ಇಂಡಿಕೇಟರಿಗೆ ಹಾಕುವ 12 ವೋಲ್ಟ್, 10 ವಾಟ್ ಬಲ್ಬಿಗೆ ಎರಡು ತಂತಿ ಕಟ್ಟಿ, ಒಂದೊಂದು ತುಂಡಿನ ಎರಡು ಪಟ್ಟಿಗಳಿಗೂ ಮುಟ್ಟಿಸುತ್ತ ಹೋಗಿ. ಬಲ್ಬು ಸುಮಾರು 0.8 ಆಂಪಿಯರ್ ಎಳೆಯುವುದರಿಂದ ನಿಜವಾದ ಸ್ಥಿತಿ ಬಯಲಾಗುತ್ತದೆ. ಎಲ್ಲಿ ಬೆಳಕು ಮಂಕಾಗುತ್ತದೆಯೋ ಅಲ್ಲಿಗೆ ಮರಳಿ ಹೋಗಿ. ಬಲ್ಬು ಬೇಗ ಬಿಸಿಯಾಗುತ್ತದೆ, ಗಾಜನ್ನು ಮುಟ್ಟಬೇಡಿ.

ಎಲ್ಲಿ ನಿಲ್ಲಿಸಬೇಕು?

ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ವಸ್ತುಗಳನ್ನು ನೋಡಿಕೊಳ್ಳುವವರು ಎರಡು ನಿಯಮ ಪಾಲಿಸುತ್ತಾರೆ: ಅಗತ್ಯವಿದ್ದಷ್ಟೇ ಮಾಡು, ಸಾಧ್ಯವಾದಷ್ಟು, ಮಾಡಿದ್ದನ್ನು ಹಿಂತೆಗೆಯಲು ಬರುವಂತೆ ಮಾಡು. ಹಾದಿಯ ಅಂಚಿನಲ್ಲಿ ಯಾರೋ ಹುಡುಗ ಪೆನ್ಸಿಲಿನಲ್ಲಿ ಬರೆದ ಗುರುತಿರಬಹುದು, ತಿರುವಿನಲ್ಲಿ ಕಾರುಗಳು ಉಜ್ಜಿದ ಗೆರೆಗಳಿರಬಹುದು. ಅವು ಕೊಳೆಯಲ್ಲ, ಆ ಹಾದಿಯ ಮೇಲೆ ನಡೆದ ಆಟದ ದಾಖಲೆ. ಹರಿದ ಪೆಟ್ಟಿಗೆ, ಸೂಚನೆಯ ಹಾಳೆ ಕೂಡ ಹಾಗೆಯೇ, ಎಸೆಯಬೇಡಿ. ವಿದ್ಯುತ್ತು ಹರಿಯಬೇಕಾದ ಎಡೆಗಳನ್ನು ಶುಚಿ ಮಾಡಿ, ಉಳಿದುದನ್ನು ಇದ್ದಂತೆ ಬಿಡಿ. ಆಟ ಮುಗಿದ ಮೇಲೆ ಒಣಬಟ್ಟೆಯಿಂದ ಒರೆಸಿ, ತೇವವಿಲ್ಲದ ಕಡೆ, ಹೊಸ ಷೂ ಪೆಟ್ಟಿಗೆಯಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಎತ್ತಿಡಿ.

ನೀವೇ ಮಾಡಿ ನೋಡಿ

ಸ್ಲಾಟ್ ಕಾರು ಇಲ್ಲದಿದ್ದರೂ ಈ ಪಾಠವನ್ನು ಪರೀಕ್ಷಿಸಬಹುದು. ಮೂರು ಹೊಸ ಕಬ್ಬಿಣದ ಮೊಳೆ ತೆಗೆದುಕೊಳ್ಳಿ. ಒಂದನ್ನು ಒಣ ಡಬ್ಬಿಯಲ್ಲಿ, ಒಂದನ್ನು ಒದ್ದೆ ಬಟ್ಟೆಯಲ್ಲಿ, ಒಂದನ್ನು ಉಪ್ಪುನೀರಿನ ಒದ್ದೆ ಬಟ್ಟೆಯಲ್ಲಿ ಒಂದು ವಾರ ಇಡಿ. ಆಮೇಲೆ ಪ್ರತಿಯೊಂದನ್ನೂ ಒಣಗಿಸಿ, ಒಂದು ಸೆಲ್ಲು ಮತ್ತು ಟಾರ್ಚ್ ಬಲ್ಬಿನ ನಡುವೆ ಸೇರಿಸಿ ಬೆಳಕನ್ನು ಹೋಲಿಸಿ. ತಂತಿಯನ್ನು ತುಕ್ಕಿನ ಮೇಲೆ ಮೆಲ್ಲಗೆ ಮುಟ್ಟಿಸಿದರೆ ಏನಾಗುತ್ತದೆ, ಅದೇ ಜಾಗವನ್ನು ಉಜ್ಜಿ ಮುಟ್ಟಿಸಿದರೆ ಏನಾಗುತ್ತದೆ ಎಂದು ಬರೆದಿಟ್ಟುಕೊಳ್ಳಿ. ಮುಂದೊಮ್ಮೆ ಮನೆಯಲ್ಲಿ ರೇಡಿಯೋ, ರಿಮೋಟು, ಟಾರ್ಚು ನಿಂತುಹೋಗಿ ‘ಕೆಟ್ಟುಹೋಯಿತು, ಎಸೆಯಿರಿ’ ಎಂದು ಹಿರಿಯರು ಹೇಳಿದಾಗ, ‘ಒಂದು ನಿಮಿಷ ಇರಿ, ಸೆಲ್ಲು ಕೂರುವ ಕಡೆ ನೋಡುತ್ತೇನೆ’ ಎಂದು ಹೇಳುವ ಧೈರ್ಯ ನಿಮಗೆ ಬರುತ್ತದೆ.